ಜೂನ್ ಒಂದರಂದು ಹುಟ್ಟಿದವರ ಸಂಘ

ಪ್ರತಿ ತಿಂಗಳ 25ನೆಯ ತಾರೀಕಿನ ಸಂಜೆ, ಊಟದ ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಸನ್ನು ಒರೆಸಿಕೊಂಡು, ಮೈಸೂರಿನ ನಮ್ಮ ಬಡಾವಣೆಯ ನಿವೃತ್ತ ನೌಕರರ ಸಂಘದ ಸುತ್ತೋಲೆ ಬರೆಯಲು ಕೂರುತ್ತೇನೆ. ಒಂದು ಎ4 ಹಾಳೆಯ ಎರಡು ಮಗ್ಗುಲು, ನಡುವೆ ಒಂದು ಮಡಿಕೆ, ಅಷ್ಟೇ ಅದರ ಆಕಾರ. ತುಟ್ಟಿಭತ್ಯೆಯ ಆದೇಶ, ಎರಡನೆಯ ಭಾನುವಾರದ ಸಭೆ, ಪ್ರವಾಸದ ಲೆಕ್ಕ, ಹುಟ್ಟುಹಬ್ಬದ ಪಟ್ಟಿ, ಆಸ್ಪತ್ರೆಯಿಂದ ಮನೆಗೆ ಬಂದವರ ಸುದ್ದಿ, ಕೊನೆಗೆ ಕಪ್ಪು ಚೌಕಟ್ಟಿನೊಳಗೆ ನಿಧನ. ಆರು ವರ್ಷಗಳಿಂದ ಇದನ್ನು ಮಾಡುತ್ತಿದ್ದೇನೆ. ಆರಂಭದಲ್ಲಿ ಈ ಪಟ್ಟಿಯ ಮೊದಲ ಅಂಶವೇ ಸುತ್ತೋಲೆ, ಮಿಕ್ಕಿದ್ದೆಲ್ಲ ಹಾಳೆ ತುಂಬಿಸಲು ಬರುವ ಸಾಮಗ್ರಿ ಎಂದು ತಿಳಿದಿದ್ದೆ. ಈಗ ಅದು ತಲೆಕೆಳಗಾಗಿದೆ.

ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಂದವನು ನಾನು. ಮೂವತ್ತಮೂರು ವರ್ಷ ಬರೆದ ಕನ್ನಡವೆಲ್ಲ ‘ವಿಷಯ’ ಮತ್ತು ‘ಉಲ್ಲೇಖ’ಗಳ ಕೆಳಗೇ ಬರೆದದ್ದು. ಹಾಗಾಗಿ ನನ್ನ ಮೊದಲ ಸುತ್ತೋಲೆಯೂ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸದಸ್ಯರ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದೇ ಶುರುವಾಗಿತ್ತು. ಅದು ಹಂಚಿಕೆಯಾದ ಮಾರನೆಯ ಬೆಳಿಗ್ಗೆ ನಮ್ಮ ಸಂಘದ ಹಿರಿಯ ಸದಸ್ಯೆ, ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು, ಅದೇ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮನೆಗೆ ಕಳುಹಿಸಿದ್ದರು. ಫೋನ್ ಮಾಡಿದರೆ, ‘ಏನ್ರೀ ಕಾರ್ಯದರ್ಶಿಗಳೇ, ಇದು ಮೆಮೋ ಥರ ಇದೆಯಲ್ಲಾ, ನಮ್ಮಲ್ಲಿ ಯಾರನ್ನ ಸಸ್ಪೆಂಡ್ ಮಾಡ್ತಿದ್ದೀರಿ?’ ಎಂದರು. ಅಂದಿನಿಂದ ಕರಡನ್ನು ಅವರಿಗೆ ತೋರಿಸದೆ ಡಿಟಿಪಿ ಅಂಗಡಿಗೆ ಒಯ್ಯುವುದಿಲ್ಲ.

ನನಗಿಂತ ಮೊದಲು, ಅಂದರೆ 2003ರಲ್ಲಿ ಸಂಘ ಹುಟ್ಟಿದಾಗ, ಸುತ್ತೋಲೆಯೆಂದರೆ ಅಂಚೆ ಕಾರ್ಡು. ಅಂದಿನ ಕಾರ್ಯದರ್ಶಿಗಳು ಅರವತ್ತು ಕಾರ್ಡುಗಳನ್ನು ಕೈಯಿಂದಲೇ ಬರೆಯುತ್ತಿದ್ದರಂತೆ. ಅದು ಅವರ ಹಟವೆಂದು ನಾನು ಭಾವಿಸಿದ್ದೆ. ಹಟವಲ್ಲ, ಲೆಕ್ಕ. ಕೈಬರಹದ ಕಾರ್ಡಿಗೆ 50 ಪೈಸೆ, ಅದರ ಮೇಲೆ ಒಕ್ಕಣೆಯನ್ನು ಮುದ್ರಿಸಿ ಕಳುಹಿಸಿದರೆ 6 ರೂಪಾಯಿ. ಅಂಚೆ ಇಲಾಖೆಯ ಈ ಒಂದು ದರದ ವ್ಯತ್ಯಾಸದಿಂದಾಗಿ ನಮ್ಮ ಸದಸ್ಯರಿಗೆ ಎಂಟು ವರ್ಷ ಕಾಲ ತಿಂಗಳಿಗೊಂದು ಕೈಬರಹದ ಕಾಗದ ಬಂತು. ಕಾರ್ಡಿನಲ್ಲಿ ಜಾಗ ಕಡಿಮೆಯಾದ್ದರಿಂದ ಸಭೆಯ ದಿನಾಂಕ ಬರೆದು ಉಳಿದ ಎರಡು ಬೆರಳಗಲದಲ್ಲಿ ಆಯಾ ಸದಸ್ಯರಿಗೇ ಸಂಬಂಧಿಸಿದ ಒಂದು ಮಾತನ್ನು ಅವರು ಸೇರಿಸುತ್ತಿದ್ದರು. ‘ಮಂಡಿ ನೋವು ಹೇಗಿದೆ’, ‘ಮೊಮ್ಮಗಳ ಫಲಿತಾಂಶ ತಿಳಿಸಿ’. ಹಳೆಯ ಸದಸ್ಯರೊಬ್ಬರ ಮನೆಯಲ್ಲಿ ಆ ಕಾರ್ಡುಗಳ ಒಂದು ಕಟ್ಟನ್ನು ನೋಡಿದ್ದೇನೆ. ರಬ್ಬರ್ ಬ್ಯಾಂಡು ಒಣಗಿ ಕಾರ್ಡಿಗೇ ಅಂಟಿಕೊಂಡಿತ್ತು. ಸಭೆಯ ದಿನಾಂಕಗಳಿಗಾಗಿ ಅದನ್ನು ಯಾರೂ ಎತ್ತಿಟ್ಟಿರಲಾರರು.

ಈಗ ಹಾಳೆಯ ಜೊತೆಗೆ ವಾಟ್ಸ್‌ಆ್ಯಪ್ ಗುಂಪೂ ಇದೆ. ತುಟ್ಟಿಭತ್ಯೆಯ ಆದೇಶ ವಿಧಾನಸೌಧದಿಂದ ಹೊರಬಿದ್ದ ಹತ್ತು ನಿಮಿಷಕ್ಕೆ ಅದರ ಪ್ರತಿ ಆ ಗುಂಪಿನಲ್ಲಿರುತ್ತದೆ, ಕೆಲವೊಮ್ಮೆ ಆದೇಶ ಹೊರಬೀಳುವ ಹತ್ತು ದಿನ ಮೊದಲೇ ಇರುತ್ತದೆ. ಕನ್ನಡದಲ್ಲಿ ‘ಅಂತೆ’ ಎಂಬ ಒಂದು ಪ್ರತ್ಯಯವಿದೆಯಷ್ಟೆ. ಅದನ್ನು ಕ್ರಿಯಾಪದದ ಬಾಲಕ್ಕೆ ಸಿಕ್ಕಿಸಿಬಿಟ್ಟರೆ ಹೇಳಿದವನಿಗೆ ಯಾವ ಜವಾಬ್ದಾರಿಯೂ ಉಳಿಯುವುದಿಲ್ಲ. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಮತ್ತೆ ಬರುತ್ತದಂತೆ ಎಂಬ ಸುದ್ದಿ ಕಳೆದ ಐದು ವರ್ಷಗಳಲ್ಲಿ ನಮ್ಮ ಗುಂಪಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಪುರುಷರಿಗೆ ಶೇ 40, ಮಹಿಳೆಯರಿಗೆ ಶೇ 50ರಷ್ಟಿದ್ದ ಆ ರಿಯಾಯಿತಿ 2020ರ ಮಾರ್ಚ್ 20ರಂದು ನಿಂತಿತು, ನಿಂತದ್ದು ನಿಂತೇ ಇದೆ. ಪ್ರತಿ ಸಲ ಸುದ್ದಿ ಬಂದಾಗಲೂ ಯಾರಾದರೊಬ್ಬರು ಕಾಶಿಗೆ ಹೊರಡುವ ಯೋಜನೆಯನ್ನು ಒಂದು ತಿಂಗಳು ಮುಂದೂಡುತ್ತಾರೆ. ಆದ್ದರಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ: ಆದೇಶದ ಸಂಖ್ಯೆ ಮತ್ತು ದಿನಾಂಕ ಕಣ್ಣಿಗೆ ಬೀಳುವವರೆಗೆ ಯಾವ ‘ಅಂತೆ’ಯೂ ಹಾಳೆಗೆ ಹತ್ತಕೂಡದು. ಇದರಿಂದ ನಮ್ಮ ಸುತ್ತೋಲೆ ಯಾವಾಗಲೂ ಹಳೆಯ ಸುದ್ದಿಯನ್ನೇ ಹೇಳುತ್ತದೆ ಎಂಬ ದೂರು ಬಂದಿದೆ. ಬರಲಿ.

ಆದೇಶಗಳ ವಿಷಯದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ದಿನಾಂಕಗಳೇ. ಕೆ. ಸುಧಾಕರ್ ರಾವ್ ಅವರ ಅಧ್ಯಕ್ಷತೆಯ ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಕನಿಷ್ಠ ಪಿಂಚಣಿ 8,500 ರೂಪಾಯಿಯಿಂದ 13,500 ರೂಪಾಯಿಗೆ ಏರಿತು. ಆ ತಿಂಗಳ ಸುತ್ತೋಲೆಯನ್ನು ಸಂತೋಷದಿಂದಲೇ ಬರೆದೆ. ಆದರೆ 2022ರ ಜುಲೈ 1ರಿಂದ 2024ರ ಜುಲೈ 31ರವರೆಗಿನ ಇಪ್ಪತ್ತೈದು ತಿಂಗಳಲ್ಲಿ ನಿವೃತ್ತರಾದವರಿಗೆ ಉಪದಾನ (ಗ್ರಾಚ್ಯುಟಿ), ಪಿಂಚಣಿ ಪರಿವರ್ತನೆ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡುಗಂಟಾಗಿ ಪಡೆಯುವುದು), ಗಳಿಕೆ ರಜೆ ನಗದೀಕರಣ ಇವೆಲ್ಲ ಹಳೆಯ ವೇತನ ಶ್ರೇಣಿಯ ಲೆಕ್ಕದಲ್ಲೇ ಸಂದಾಯವಾಗಿದ್ದವು. ಪಿಂಚಣಿಯೇನೋ ಪರಿಷ್ಕೃತವಾಯಿತು, ಇಡುಗಂಟಿನ ಮೊತ್ತಗಳು ಆಗಲಿಲ್ಲ. ನಮ್ಮ ಸಂಘದಲ್ಲಿ ಅಂಥವರು ಒಂಬತ್ತು ಮಂದಿ. ಜುಲೈ 31ರಂದು ಹಾರ ಹಾಕಿಸಿಕೊಂಡು ಮನೆಗೆ ಬಂದ ಒಬ್ಬರು, ಆಗಸ್ಟ್ 31ರಂದು ನಿವೃತ್ತರಾದ ತಮ್ಮ ಪಕ್ಕದ ಮೇಜಿನ ಸಹೋದ್ಯೋಗಿಗಿಂತ ಎಷ್ಟು ಕಡಿಮೆ ಪಡೆದರು ಎಂಬುದನ್ನು ಲೆಕ್ಕ ಹಾಕಿದ ಚೀಟಿಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

ಅವರಿಗಾಗಿಯೇ ಆ ವರ್ಷದ ಡಿಸೆಂಬರ್ ಸುತ್ತೋಲೆಯಲ್ಲಿ ನಕಾರಾ ಪ್ರಕರಣದ ಬಗ್ಗೆ ಅರ್ಧ ಪುಟ ಬರೆದೆ. ಡಿಸೆಂಬರ್ 17ರಂದು ಪಿಂಚಣಿದಾರರ ದಿನ ಆಚರಿಸಿ ಉಪ್ಪಿಟ್ಟು, ಕೇಸರಿಭಾತು ತಿಂದು ಬರುವ ನಮ್ಮಲ್ಲಿ ಬಹುತೇಕರಿಗೆ ಆ ತಾರೀಕು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ರಕ್ಷಣಾ ಸಚಿವಾಲಯದಲ್ಲಿ ಆರ್ಥಿಕ ಸಲಹೆಗಾರರಾಗಿದ್ದು 1972ರಲ್ಲಿ ನಿವೃತ್ತರಾದ ಡಿ.ಎಸ್. ನಕಾರಾ ಅವರ ಮುಂದಿದ್ದ ತೊಡಕೂ ಒಂದು ದಿನಾಂಕವೇ. 1979ರ ಮಾರ್ಚ್ 31ರಂದು ಅಥವಾ ಅದರ ನಂತರ ನಿವೃತ್ತರಾದವರಿಗೆ ಮಾತ್ರ ಕೇಂದ್ರ ಸರ್ಕಾರ ಉದಾರ ಸೂತ್ರದ ಪಿಂಚಣಿ ಕೊಟ್ಟಿತ್ತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ 1982ರ ಡಿಸೆಂಬರ್ 17ರಂದು ಆ ಗೆರೆಯನ್ನು ಅಳಿಸಿಹಾಕಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ದಕ್ಕುವ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಹಿಂದೆಯೂ ಒಬ್ಬರು ಜೇಬಿನಲ್ಲಿ ಚೀಟಿ ಇಟ್ಟುಕೊಂಡು ದೆಹಲಿಯಲ್ಲಿ ಓಡಾಡಿರಬೇಕು ಎಂದು ನಾನು ಸಭೆಯಲ್ಲಿ ಹೇಳಿದಾಗ ನಮ್ಮ ಸದಸ್ಯರು ನಕ್ಕರು. ಚೀಟಿ ಮಾತ್ರ ಜೇಬಿನಲ್ಲೇ ಇದೆ.

ಇನ್ನು ಹುಟ್ಟುಹಬ್ಬದ ಪಟ್ಟಿ. ಇದನ್ನು ಶುರುಮಾಡಿದವನು ನಾನೇ, ಹಾಳೆಯ ಹಿಂಬದಿಯಲ್ಲಿ ಜಾಗ ಉಳಿದಿತ್ತೆಂಬ ಕಾರಣಕ್ಕೆ. ಸದಸ್ಯತ್ವದ ಅರ್ಜಿಗಳನ್ನು ಮುಂದಿಟ್ಟುಕೊಂಡು ತಿಂಗಳವಾರು ಜೋಡಿಸುತ್ತ ಹೋದೆ. ಸೆಪ್ಟೆಂಬರಿನಲ್ಲಿ ಆರು ಮಂದಿ, ನವೆಂಬರಿನಲ್ಲಿ ಐದು, ಜನವರಿಯಲ್ಲಿ ಒಂಬತ್ತು. ಜೂನ್ ತಿಂಗಳಿಗೆ ಬಂದಾಗ ಒಂದು ಮಗ್ಗುಲು ಪೂರ್ತಿ ತುಂಬಿ ಹೆಸರುಗಳು ಅಂಚಿನಾಚೆ ಹರಿದವು. ನಮ್ಮ 212 ಸದಸ್ಯರಲ್ಲಿ 41 ಮಂದಿ ಹುಟ್ಟಿದ್ದು ಜೂನ್ ಒಂದರಂದು! ಮೊದಲು ನನ್ನದೇ ತಪ್ಪಿರಬೇಕೆಂದು ಅರ್ಜಿಗಳನ್ನು ಮತ್ತೊಮ್ಮೆ ತಿರುವಿಹಾಕಿದೆ. ಆಮೇಲೆ ನೆನಪಾಯಿತು, ನಾನೂ ಆ 41ರಲ್ಲಿ ಒಬ್ಬ.

ಹಳ್ಳಿಯಲ್ಲಿ ಹುಟ್ಟಿದ ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಶಾಲೆಗೆ ಕರೆದೊಯ್ದು ನಿಲ್ಲಿಸಿದಾಗ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿಸುವಂತೆ ಹೇಳುತ್ತಿದ್ದರು. ಮುಟ್ಟಿತೆಂದರೆ ಒಂದನೆಯ ತರಗತಿಗೆ ವಯಸ್ಸಾಯಿತು. ಹುಟ್ಟಿದ ದಿನ ಯಾವುದೆಂದು ಕೇಳಿದರೆ ಅಪ್ಪ ‘ಮಾರಿಹಬ್ಬ ಕಳೆದು ಎಂಟು ದಿನಕ್ಕೆ’ ಎಂದೋ ‘ರಾಗಿ ಪೈರು ಕಟ್ಟುವಾಗ’ ಎಂದೋ ಹೇಳುತ್ತಿದ್ದ. ಅದನ್ನು ದಾಖಲಾತಿ ಪುಸ್ತಕದಲ್ಲಿ ಬರೆಯಲು ಅಂಕಣವಿರಲಿಲ್ಲ. ಶಾಲೆ ತೆರೆಯುವ ಹೊತ್ತು, ವಯಸ್ಸಿನ ಲೆಕ್ಕಕ್ಕೂ ಅನುಕೂಲ, ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡು ಮುಂದಿನ ಹುಡುಗನನ್ನು ಕರೆಯುತ್ತಿದ್ದರು. ಆ ಮೇಷ್ಟ್ರು ಅರ್ಧ ನಿಮಿಷದಲ್ಲಿ ಬರೆದ ತಾರೀಕು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಸೇವಾ ಪುಸ್ತಕಕ್ಕೆ, ಅಲ್ಲಿಂದ ಆಧಾರ್‌ಗೆ. ಅದನ್ನೇ ನೋಡಿಕೊಂಡು ಸರ್ಕಾರ ನಮ್ಮನ್ನು ಮನೆಗೆ ಕಳುಹಿಸಿತು. ಅದರಲ್ಲೂ ಒಂದು ಸ್ವಾರಸ್ಯವಿದೆ: 2008ರಲ್ಲಿ ರಾಜ್ಯದಲ್ಲಿ ನಿವೃತ್ತಿಯ ವಯಸ್ಸು 58ರಿಂದ 60ಕ್ಕೆ ಏರಿದರೂ, ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮ ಹಾಗೆಯೇ ಇದೆ. ಮೇಷ್ಟ್ರು ಜೂನ್ ಎರಡು ಎಂದು ಬರೆದಿದ್ದರೆ ನಮ್ಮಲ್ಲಿ ನಲವತ್ತೊಂದು ಮಂದಿಗೆ ಇನ್ನೊಂದು ತಿಂಗಳ ಪೂರ್ತಿ ಸಂಬಳ ಸಿಗುತ್ತಿತ್ತು.

ಒಂದು ದಿನದ ಅಂತರದಿಂದ ಕಳೆದುಕೊಂಡವರ ಕಥೆ ಬಂತೆಂದು ಇನ್ನೊಂದನ್ನೂ ಹೇಳಿಬಿಡುತ್ತೇನೆ. ವರ್ಷಪೂರ್ತಿ ದುಡಿದು, ವಾರ್ಷಿಕ ವೇತನ ಬಡ್ತಿ ಬರುವ ದಿನದ ಹಿಂದಿನ ದಿನ ನಿವೃತ್ತರಾದವರಿಗೆ ಆ ಬಡ್ತಿ ಸಲ್ಲುವುದಿಲ್ಲವೆಂದೇ ದಶಕಗಳ ಕಾಲ ಹೇಳಲಾಗುತ್ತಿತ್ತು. ದುಡಿದ ವರ್ಷಕ್ಕೆ ಬಡ್ತಿ ಸಲ್ಲಲೇಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 11ರಂದು ತೀರ್ಮಾನಿಸಿದ್ದು ನಮ್ಮದೇ ರಾಜ್ಯದ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ನಿವೃತ್ತರ ಪ್ರಕರಣದಲ್ಲಿ. ಆ ಸುದ್ದಿ ಹಾಕಿದ ತಿಂಗಳು ನಮ್ಮ ಸಂಘದ ವಿದ್ಯುತ್ ಇಲಾಖೆಯವರು ಸ್ವಲ್ಪ ಎದೆಯುಬ್ಬಿಸಿಕೊಂಡೇ ಸಭೆಗೆ ಬಂದರು.

ನವೆಂಬರ್ ತಿಂಗಳೆಂದರೆ ನಮಗೆ ರಾಜ್ಯೋತ್ಸವಕ್ಕಿಂತ ಮೊದಲು ನೆನಪಾಗುವುದು ಜೀವಿತ ಪ್ರಮಾಣಪತ್ರ. ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಿಕೊಳ್ಳದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಿಂದೆ ಬ್ಯಾಂಕಿನ ಕೌಂಟರಿನ ಮುಂದೆ ನಿಲ್ಲಬೇಕಿತ್ತು. 2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳಚ್ಚಿನ ಯಂತ್ರ ಬಂತು. ಯಂತ್ರಕ್ಕೆ ನಮ್ಮ ಬೆರಳುಗಳು ಹಿಡಿಸಲಿಲ್ಲ. ಎಪ್ಪತ್ತೈದು ದಾಟಿದವರ ಬೆರಳ ತುದಿ ಸವೆದು ನುಣುಪಾಗಿರುತ್ತದೆ. ತೆಂಗಿನೆಣ್ಣೆ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿಸಿದರೂ ಕೆಂಪು ದೀಪವೇ. 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದ ನಂತರ ನಾವೇ ಸಮುದಾಯ ಭವನದಲ್ಲಿ ಮೊಬೈಲು ಹಿಡಿದು ಶಿಬಿರ ನಡೆಸುತ್ತೇವೆ. ಸುತ್ತೋಲೆಯಲ್ಲಿ ಅದಕ್ಕೊಂದು ಚೌಕ: ಆಧಾರ್, ಪಿಪಿಓ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲು ತರುವುದು.

ಎರಡು ವರ್ಷದ ಹಿಂದಿನ ಶಿಬಿರಕ್ಕೆ ನಮ್ಮ ಮುಖ್ಯೋಪಾಧ್ಯಾಯಿನಿಯವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಹನ್ನೆರಡನೆಯ ದಿನ, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ಕುರ್ಚಿ ತಿರುಗಿಸಿ ಕೂರಿಸಿದೆವು. ಆ್ಯಪಿನಲ್ಲಿ ಮುಖದ ಸುತ್ತ ಒಂದು ವೃತ್ತ ಮೂಡುತ್ತದೆ, ಕಣ್ಣು ಮಿಟುಕಿಸಬೇಕು, ಆಗ ವೃತ್ತ ಹಸಿರಾಗುತ್ತದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಔಷಧಿಯ ಹನಿಯಿಂದ ಒದ್ದೆಯಾಗಿದ್ದ ಕಣ್ಣನ್ನು, ವೈದ್ಯರು ಉಜ್ಜಬಾರದು ಎಂದಿದ್ದನ್ನು ಅಕ್ಷರಶಃ ಪಾಲಿಸುವವರಂತೆ, ಅಗಲವಾಗಿ ತೆರೆದುಕೊಂಡು ಕೂತರು. ‘ಮಿಟುಕಿಸಿ ಮೇಡಮ್’ ಎಂದೆ. ಮಿಟುಕಿಸಿದರು, ಆದರೆ ತೀರ ನಿಧಾನವಾಗಿ, ಬಾಗಿಲು ಮುಚ್ಚಿ ತೆರೆದ ಹಾಗೆ. ವೃತ್ತ ಕೆಂಪಗೇ ಇತ್ತು. ನಾಲ್ಕನೆಯ ಸಲ ಆಗದಿದ್ದಾಗ ಅವರಿಗೆ ರೇಗಿತು. ‘ನಲವತ್ತು ವರ್ಷ ಹಾಜರಿ ಕರೆದವಳು ನಾನು. ಎದುರಿಗೆ ಕೂತಿದ್ದವರನ್ನ ಗೈರುಹಾಜರಿ ಅಂತ ಒಂದು ದಿನವೂ ಬರೆದಿಲ್ಲ’ ಎಂದರು. ಹಾಗೆಂದು ಸಿಟ್ಟಿನಲ್ಲಿ ಪಟಪಟನೆ ರೆಪ್ಪೆ ಬಡಿದದ್ದೇ ತಡ, ವೃತ್ತ ಹಸಿರಾಯಿತು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆ ತಿಂಗಳ ಸುತ್ತೋಲೆಯಲ್ಲಿ ಶಿಬಿರದ ವರದಿ ಎರಡೇ ಸಾಲು: ಎಷ್ಟು ಮಂದಿಯ ಪ್ರಮಾಣಪತ್ರ ಸಲ್ಲಿಕೆಯಾಯಿತು ಎಂಬುದು ಒಂದು, ಮೇಡಮ್ಮನವರ ಕಣ್ಣು ಚೆನ್ನಾಗಿದೆ ಎಂಬುದು ಇನ್ನೊಂದು. ಎರಡನೆಯ ಸಾಲಿನ ಬಗ್ಗೆ ಹದಿನಾಲ್ಕು ಮಂದಿ ನನಗೆ ಫೋನ್ ಮಾಡಿದರು. ಮೊದಲನೆಯದರ ಬಗ್ಗೆ ಯಾರೂ ಇಲ್ಲ.

ಪ್ರವಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲುಕೋಟೆಗೆ ಹೋದೆವು, ಅರ್ಧ ಮಂದಿ ಯೋಗನರಸಿಂಹನ ಬೆಟ್ಟ ಹತ್ತಿದರು, ಅರ್ಧ ಮಂದಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿಂದರು. ಖಾಸಗಿ ಬಸ್ಸು ಗೊತ್ತುಮಾಡಬೇಕೆಂಬ ಸಲಹೆಗೆ ಮಹಿಳಾ ಸದಸ್ಯರ ಪ್ರಬಲ ವಿರೋಧ ಬಂದದ್ದು ಮಾತ್ರ ದಾಖಲಾರ್ಹ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಅವರಿಗೆ ಉಚಿತ, ಅರವತ್ತು ದಾಟಿದ ಗಂಡಸರಿಗೆ ಕೆಎಸ್‌ಆರ್‌ಟಿಸಿ ಕೊಡುವುದು ಶೇ 25ರ ರಿಯಾಯಿತಿ ಮಾತ್ರ. ನಮ್ಮ ಖಜಾಂಚಿಗಳು ತಮ್ಮ ಟಿಕೆಟ್ಟನ್ನು ಪತ್ನಿಯಿಂದಲೇ ತೆಗೆಸಿದರು.

ಕಪ್ಪು ಚೌಕಟ್ಟನ್ನು ಬರೆಯುವುದು ನನಗೆ ಇನ್ನೂ ಸಲೀಸಾಗಿಲ್ಲ. ಮೊದಲೆಲ್ಲ ‘ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ’ ಎಂದು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದೆ. ನೀರಾವರಿ ಇಲಾಖೆಯ ನನ್ನ ಸ್ನೇಹಿತರೊಬ್ಬರು ತೀರಿಕೊಂಡಾಗಲೂ ಹಾಗೆಯೇ ಬರೆದೆ. ಜೊತೆಗೆ ಪ್ರತ್ಯೇಕ ಚೀಟಿಯಲ್ಲಿ ಅವರ ಪತ್ನಿಗೆ ಬೇಕಾದ ವಿವರಗಳನ್ನು ಬರೆದು ಕೊಟ್ಟು ಬಂದೆ: ಮರಣ ಪ್ರಮಾಣಪತ್ರದ ಪ್ರತಿಗಳು ಎಷ್ಟು ಬೇಕು, ಬ್ಯಾಂಕಿಗೆ ಯಾವ ಅರ್ಜಿ, ಕುಟುಂಬ ಪಿಂಚಣಿಯ ಸಾಮಾನ್ಯ ದರ ಕೊನೆಯ ಮೂಲ ವೇತನದ ಶೇ 30, ಪರಿವರ್ತಿತ ಪಿಂಚಣಿಗಾಗಿ ಕಡಿತವಾಗುತ್ತಿದ್ದ ಮೊತ್ತ ಕುಟುಂಬ ಪಿಂಚಣಿಯಿಂದ ಕಡಿತವಾಗಕೂಡದು, ಇತ್ಯಾದಿ. ನನ್ನ ಕೆಲಸ ಮುಗಿಯಿತೆಂದುಕೊಂಡೆ.

ಮೂರು ತಿಂಗಳ ನಂತರದ ಎರಡನೆಯ ಭಾನುವಾರ ಅವರು ಸಭೆಗೆ ಬಂದರು. ಬಾಗಿಲ ಬಳಿಯ ಮೇಜಿನ ಮೇಲೆ ಹಾಜರಿ ಪುಸ್ತಕವಿರುತ್ತದೆ, ಕ್ರಮಸಂಖ್ಯೆ, ಹೆಸರು, ಸಹಿ. ಹೊಸ ಪುಸ್ತಕ ತಂದಿರಲಿಲ್ಲವಾದ್ದರಿಂದ 47ನೆಯ ಸಾಲಿನಲ್ಲಿ ಅವರ ಯಜಮಾನರ ಹೆಸರು ಇನ್ನೂ ಇತ್ತು. ಹೆಸರಿನ ಮುಂದಿನ ಮೂರು ಮನೆಗಳು ಖಾಲಿ ಇದ್ದವು. ಅವರು ಬೆರಳಿಟ್ಟು ಹುಡುಕಿ ಆ ಸಾಲನ್ನು ಹಿಡಿದರು, ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದುಕೊಂಡೇ ನಿಂತರು, ಆಮೇಲೆ ನಾಲ್ಕನೆಯ ಮನೆಯಲ್ಲಿ ತಮ್ಮ ಸಹಿ ಹಾಕಿ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪರವಾಗಿ’ ಎಂದು ಬರೆದು ಹಿಂದಿನ ಸಾಲಿಗೆ ಹೋಗಿ ಕೂತರು. ಕಚೇರಿಯಲ್ಲಿ ಆ ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ, ಅಂದು ಓದಿದ ಹಾಗೆ ಎಂದೂ ಓದಿರಲಿಲ್ಲ.

ನಮ್ಮ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು. ನಿವೃತ್ತ ನೌಕರರಷ್ಟೇ ಸದಸ್ಯರು ಎಂದು ಉಪವಿಧಿಯಲ್ಲಿತ್ತು. ಕುಟುಂಬ ಪಿಂಚಣಿದಾರರೂ ಅದೇ ಕ್ರಮಸಂಖ್ಯೆಯಲ್ಲಿ ಪೂರ್ಣ ಸದಸ್ಯರಾಗಿ ಮುಂದುವರಿಯಬಹುದೆಂಬ ತಿದ್ದುಪಡಿಯನ್ನು ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ತಂದೆವು. ಚಂದಾ ಎಷ್ಟು ಎಂಬುದರ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು, ತಿದ್ದುಪಡಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಈಗ 47ರ ಮುಂದೆ ಅವರ ಹೆಸರಿದೆ. ನಿಧನದ ಚೌಕದಲ್ಲಿ ಈಗ ನಾನು ಅಚ್ಚಿನ ವಾಕ್ಯ ಬರೆಯುವುದಿಲ್ಲ. ಹೋದವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎಷ್ಟು ಗಂಟೆಗೆ ಸಿಗುತ್ತಿದ್ದರು, ಕೇರಂ ಆಟದಲ್ಲಿ ಸೋತರೆ ಏನನ್ನುತ್ತಿದ್ದರು, ಅಂಥ ಒಂದು ಸಾಲು ಸಿಗುವವರೆಗೆ ಮನೆಯವರ ಬಳಿ ಕೂತಿದ್ದು ಬರುತ್ತೇನೆ.

ಕಳೆದ ಜೂನ್ ಸುತ್ತೋಲೆಯಲ್ಲಿ 41 ಮಂದಿಯ ಪಟ್ಟಿಯ ಕೆಳಗೆ ಕತ್ತರಿಸಿ ಕೊಡುವ ಒಂದು ಚೀಟಿಯನ್ನು ಅಚ್ಚು ಹಾಕಿಸಿದೆ. ‘ಮನೆಯಲ್ಲಿ ತಾಯಿಯೋ ಅಜ್ಜಿಯೋ ಹೇಳುತ್ತಿದ್ದ ನಿಮ್ಮ ಹುಟ್ಟಿದ ದಿನ ಯಾವುದು? ತಿಳಿದಷ್ಟು ಬರೆಯಿರಿ’ ಎಂದು. ಸೇವಾ ಪುಸ್ತಕದ ತಾರೀಕಿಗೆ ಇದರಿಂದ ಧಕ್ಕೆಯಿಲ್ಲ ಎಂಬ ಒಕ್ಕಣೆಯನ್ನು ಖಜಾಂಚಿಗಳ ಒತ್ತಾಯಕ್ಕೆ ಸೇರಿಸಬೇಕಾಯಿತು. ಇದುವರೆಗೆ ಬಂದ ಚೀಟಿಗಳು ಹದಿನೇಳು. ಒಬ್ಬರು ಆಯುಧಪೂಜೆಯ ದಿನ ಹುಟ್ಟಿದವರು. ಮತ್ತೊಬ್ಬರಿಗೆ ತಿಥಿ, ನಕ್ಷತ್ರ ಗೊತ್ತಿದೆ, ವರ್ಷ ಗೊತ್ತಿಲ್ಲ. ಸಣ್ಣ ಉಳಿತಾಯ ವಿಭಾಗದಲ್ಲಿದ್ದ, ಎಂಬತ್ತೊಂದು ವರ್ಷದ ಹಿರಿಯರೊಬ್ಬರು ಹೀಗೆ ಬರೆದುಕೊಟ್ಟರು: ‘ನಮ್ಮೂರ ಕೆರೆ ಕೋಡಿ ಹರಿದ ವರ್ಷ, ಶ್ರಾವಣದ ಎರಡನೇ ಶನಿವಾರ, ಎಮ್ಮೆ ಕರು ಹಾಕಿದ ಮಾರನೆ ದಿನ.’

ಆಗಸ್ಟ್ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅದನ್ನು ಇದ್ದ ಹಾಗೆಯೇ ಇಳಿಸಿದೆ. ಡಿಟಿಪಿ ಅಂಗಡಿಯ ಹುಡುಗ ಫೋನ್ ಮಾಡಿ ‘ಅಂಕಲ್, ಇಲ್ಲೊಂದು ಕಡೆ ಡೇಟ್ ಬಿಟ್ಟುಹೋಗಿದೆ’ ಎಂದ. ಬಿಟ್ಟುಹೋಗಿಲ್ಲ, ಹಾಗೇ ಇರಲಿ ಎಂದೆ. ಕರಡು ಎಂದಿನಂತೆ ಮುಖ್ಯೋಪಾಧ್ಯಾಯಿನಿಯವರ ಮನೆಗೆ ಹೋಗಿ, ಸಂಜೆ ವಾಪಸು ಬಂತು. ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಪ್ರಶ್ನೆಯಿತ್ತು: ‘ಗಂಡು ಕರುವೋ, ಹೆಣ್ಣೋ? ಕೇಳಿ ಬರೆಯಿರಿ.’